ಹಳೇ ಇಂಜಿನ್ ಕೂರಿಸುವ ಮುಂಚೆ ಅದರ ಹಿಂಭಾಗ ನೋಡಿ

ಸೆಕೆಂಡ್ ಹ್ಯಾಂಡ್ ಲಾರಿ ಇಂಜಿನ್ ತರುವವರು ಸಾಮಾನ್ಯವಾಗಿ ಕೇಳುವುದು ಎರಡೇ ಮಾತು. ಕಂಪ್ರೆಷನ್ ಹೇಗಿದೆ? ಹೊಗೆ ಬರುತ್ತಾ? ಎರಡೂ ಕೇಳಲೇಬೇಕು. ನಾನು ಇನ್ನೊಂದು ಸೇರಿಸುತ್ತೇನೆ: ಓಡದೆ ಎಷ್ಟು ಕಾಲದಿಂದ ಕೂತಿದೆ? ಈ ಪ್ರಶ್ನೆಗೆ ಮಾರುವವರು ಸ್ವಲ್ಪ ತಡವರಿಸುತ್ತಾರೆ. ನಮ್ಮ ಇಂಜಿನ್ ಮಾರಿದವರೂ ತಡವರಿಸಿದರು.

ನಮ್ಮ ಲಾರಿಯ ಬ್ಲಾಕ್ ಕ್ರ್ಯಾಕ್ ಆಗಿತ್ತು. ವೆಲ್ಡಿಂಗ್ ಮಾಡಿಸಿ ಕಾಲ ತಳ್ಳುವ ಯೋಚನೆ ಇರಲಿಲ್ಲ. ಅದೇ ಮಾದರಿಯ ಆರು ಸಿಲಿಂಡರ್ ಡೀಸೆಲ್ ಇಂಜಿನ್ ಒಂದು ಸಿಕ್ಕಿತು. ಟಾರ್ಪಾಲ್ ಕೆಳಗೆ ಧೂಳು ಹಿಡಿದು ಕೂತಿತ್ತು. ಕೈಯಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗಿತು, ಆಯಿಲ್‌ನಲ್ಲಿ ನೀರು ಇರಲಿಲ್ಲ, ಇಂಜಿನ್ ತಲೆ ಮೇಲಿನ ಟ್ಯಾಪೆಟ್ ಕವರ್ ತೆಗೆದು ನೋಡಿದರೆ ಒಳಗೆ ಕಪ್ಪು ಮಡ್ಡಿ ಕಟ್ಟಿರಲಿಲ್ಲ. ಚೈನ್ ಬ್ಲಾಕ್‌ಗೆ ನೇತುಹಾಕಿ ಸೀದಾ ಚಾಸಿಗೆ ಇಳಿಸಿಬಿಡೋಣ ಅಂತ ಜೊತೆಗಿದ್ದ ಹುಡುಗರಿಗೆ ಆತುರ.

ನನ್ನ ಭಾವ ಲೇತ್ ಕೆಲಸದವರು. ಇಂಜಿನ್ ಬಿಚ್ಚುವುದು ಅವರ ಕೆಲಸವಲ್ಲ, ಆದರೆ ಶಾಫ್ಟ್ ಅಂದರೆ ಅವರಿಗೆ ಬಿಟ್ಟರೂ ಬಿಡದ ಹುಚ್ಚು. ಅವರು ಬಂದು ಇಂಜಿನ್ ಸುತ್ತ ಒಂದು ಸುತ್ತು ಹಾಕಿ, ಹಿಂಭಾಗದಲ್ಲಿ, ಫ್ಲೈವೀಲ್ ಅನ್ನೋ ಭಾರದ ಚಕ್ರದ ಹತ್ತಿರ ನಿಂತು ಹೇಳಿದರು, "ಫ್ಲೈವೀಲ್ ಬಿಚ್ಚು. ಆಮೇಲೆ ಮಾತಾಡೋಣ."

"ಲೀಕ್ ಏನೂ ಕಾಣ್ತಿಲ್ಲವಲ್ಲ ಭಾವ?"

"ಓಡದೇ ಇರೋ ಇಂಜಿನ್ ಎಲ್ಲಿಂದ ಲೀಕ್ ಆಗುತ್ತೋ?"

ಸರಿಯಾದ ಮಾತು. ಇಂಜಿನ್‌ನ ಮುಖ್ಯ ಶಾಫ್ಟ್ ಆದ ಕ್ರ್ಯಾಂಕ್ ಹೊರಬರುವ ಜಾಗದಲ್ಲಿ ಆಯಿಲ್ ಸೋರದಂತೆ ತಡೆಯುವ ಬಳೆಯೇ ಸೀಲ್. ನಿಂತ ಇಂಜಿನ್ ಆ ಸೀಲ್ ಬಗ್ಗೆ ಏನೂ ಹೇಳುವುದಿಲ್ಲ. ಆಯಿಲ್ ಎಲ್ಲ ಇಳಿದು ಚೇಂಬರ್‌ನಲ್ಲಿ, ಅಂದರೆ ಕೆಳಗಿನ ಆಯಿಲ್ ತೊಟ್ಟಿಯಲ್ಲಿ, ಕೂತಿರುತ್ತದೆ. ಸೀಲ್‌ನ ಲಿಪ್, ಅಂದರೆ ಶಾಫ್ಟ್‌ಗೆ ಒತ್ತಿಕೊಳ್ಳುವ ಒಳ ಅಂಚು, ಒಣಗಿರುತ್ತದೆ. ರಬ್ಬರ್ ಒಂದೇ ಆಕಾರದಲ್ಲಿ ಒತ್ತಿಕೊಂಡು ಬಹಳ ಕಾಲ ಕೂತರೆ ಅದೇ ಆಕಾರಕ್ಕೆ ಸೆಟ್ ಆಗಿಬಿಡುತ್ತದೆ, ವಾಪಸ್ ಚಿಮ್ಮುವುದಿಲ್ಲ. ಬಿಸಿ ತಿಂದು ಗಟ್ಟಿಯಾದ ರಬ್ಬರ್ ಆದರೆ ಇನ್ನೂ ಕೆಟ್ಟದು. ಇಂಜಿನ್ ಶುರುವಾದ ಮೇಲೆ ಕ್ರ್ಯಾಂಕ್ ಮೈಕ್ರಾನ್ ಲೆಕ್ಕದಲ್ಲಿ ಆಚೀಚೆ ಅಲ್ಲಾಡುತ್ತಲೇ ಇರುತ್ತದೆ. ಮೆತ್ತಗಿರುವ ಲಿಪ್ ಅದರ ಜೊತೆಗೆ ಹೋಗುತ್ತದೆ. ಗಟ್ಟಿಯಾದದ್ದು ಇದ್ದಲ್ಲೇ ಇರುತ್ತದೆ, ನಡುವಿನ ಸಂದಿಯಲ್ಲಿ ಆಯಿಲ್ ಹೊರಗೆ ಬರುತ್ತದೆ. ಮೊದಲ ಟ್ರಿಪ್‌ನಲ್ಲೇ ಗೊತ್ತಾಗಬೇಕು ಅಂತಿಲ್ಲ. ಲೋಡ್ ಹಾಕಿ, ಚೆನ್ನಾಗಿ ಬಿಸಿಯಾಗಿ, ಗಾಡಿ ನಿಲ್ಲಿಸಿದಾಗ ಕ್ಲಚ್ ಹೌಸಿಂಗ್ ಕೆಳಗೆ ಹನಿ ಕಾಣುತ್ತದೆ.

ಹಳೇ ಇಂಜಿನ್‌ನಲ್ಲಿ ಯಾವ ಸೀಲ್ ಬದಲಿಸಬೇಕು, ಯಾವುದು ಬಿಡಬಹುದು ಅನ್ನೋದನ್ನು ನಾನು ಅದರ ಮುಖ ನೋಡಿ ತೀರ್ಮಾನಿಸುವುದಿಲ್ಲ. ಕೂರಿಸಿದ ಮೇಲೆ ಅಲ್ಲಿಗೆ ಕೈ ಹೋಗುತ್ತಾ ಅಂತ ನೋಡುತ್ತೇನೆ. ಕ್ರ್ಯಾಂಕ್‌ನ ಹಿಂದಿನ ಸೀಲ್ ಬದಲಿಸಲು ಆಮೇಲೆ ಗೇರ್ ಬಾಕ್ಸ್ ಇಳಿಸಬೇಕು, ಕ್ಲಚ್ ಬಿಚ್ಚಬೇಕು, ಫ್ಲೈವೀಲ್ ಬಿಚ್ಚಬೇಕು. ಅದೇ ಇಂಜಿನ್ ಸ್ಟ್ಯಾಂಡ್ ಮೇಲಿದ್ದಾಗ ಎದುರಿಗೇ ಇರುತ್ತದೆ. ಹಾಗಾಗಿ ಹಿಂದಿನ ಸೀಲ್ ಹೊಸದಾಗಿ ಹೊಳೆಯುತ್ತಿದ್ದರೂ ಬದಲಿಸುತ್ತೇನೆ. ಟ್ಯಾಪೆಟ್ ಕವರ್ ಪ್ಯಾಕಿಂಗ್ (ಸಂದಿ ಮುಚ್ಚುವ ಗ್ಯಾಸ್ಕೆಟ್) ಮೇಲೆಯೇ ಇದೆ, ಯಾವಾಗ ಬೇಕಾದರೂ ಮಾಡಬಹುದು.

ತೊಳೆಯುವ ಮುಂಚೆ ಒಂದು ಕೆಲಸ. ಇಂಜಿನ್ ಮೇಲಿನ ಹಳೇ ಆಯಿಲ್ ಕಲೆಗಳನ್ನು ಟಾರ್ಚ್ ಹಿಡಿದು ಚೆನ್ನಾಗಿ ನೋಡಿಕೊಳ್ಳಿ, ಬೇಕಾದರೆ ಫೋಟೋ ತೆಗೆದುಕೊಳ್ಳಿ. ಧೂಳು ಆಯಿಲ್ ಕುಡಿದು ಎಲ್ಲಿ ದಪ್ಪ ಪದರ ಕಟ್ಟಿದೆಯೋ ಅಲ್ಲಿಂದ ಮೇಲಕ್ಕೂ ಮುಂದಕ್ಕೂ ಹುಡುಕಿ. ಆಯಿಲ್ ಇಳಿಯೋದು ಕೆಳಕ್ಕೆ, ಗಾಳಿ ತಳ್ಳೋದು ಹಿಂದಕ್ಕೆ. ಅದಕ್ಕೇ ಎಲ್ಲ ಲೀಕೂ ಕೊನೆಗೆ ಬಂದು ಸೇರೋದು ಕ್ಲಚ್ ಹೌಸಿಂಗ್ ಹತ್ತಿರ. ನಮ್ಮ ಇಂಜಿನ್‌ನಲ್ಲಿ ಎಡಬದಿಯಲ್ಲಿ ಒಂದು ಗೆರೆ ಟ್ಯಾಪೆಟ್ ಕವರ್‌ನಿಂದ ಇಳಿದಿತ್ತು. ಫ್ಲೈವೀಲ್ ಹೌಸಿಂಗ್ ಒಳಗೆ ಬೇರೆಯೇ ಒಂದು ಒದ್ದೆ ಇತ್ತು. ತೊಳೆದುಬಿಟ್ಟಿದ್ದರೆ ಇದು ಎರಡು ಬೇರೆ ಬೇರೆ ಲೀಕು ಅಂತ ಗೊತ್ತೇ ಆಗುತ್ತಿರಲಿಲ್ಲ.

ಫ್ಲೈವೀಲ್ ಬಿಚ್ಚಿದೆವು. ಬೋಲ್ಟ್‌ಗಳನ್ನೂ ನೋಡಬೇಕು. ಕೆಲವು ಇಂಜಿನ್‌ಗಳಲ್ಲಿ ಫ್ಲೈವೀಲ್ ಬೋಲ್ಟ್ ತೂತು ಕ್ರ್ಯಾಂಕ್ ಕೇಸ್ ಒಳಗೇ ತೆರೆದುಕೊಂಡಿರುತ್ತದೆ. ಅಂಥ ಕಡೆ ಥ್ರೆಡ್‌ಗೆ ಸೀಲೆಂಟ್ ಹಚ್ಚದಿದ್ದರೆ ಆಯಿಲ್ ಥ್ರೆಡ್ ಹಿಡಿದುಕೊಂಡೇ ಹೊರಗೆ ಬರುತ್ತದೆ. ಎಲ್ಲರೂ ಸೀಲ್ ಹೋಯಿತು ಅಂತ ಬೈಯುತ್ತಾರೆ, ಸೀಲ್ ಪಾಪ ಚೆನ್ನಾಗಿಯೇ ಇರುತ್ತದೆ. ಇನ್ನು ಕೆಲವು ಇಂಜಿನ್‌ಗಳ ಬೋಲ್ಟ್ ಒಮ್ಮೆ ಬಿಗಿ ಮಾಡಿದರೆ ಎಳೆದುಕೊಂಡು ಉದ್ದವಾಗುವಂಥವು, ಮತ್ತೆ ಹಾಕುವಂತಿಲ್ಲ. ನಿಮ್ಮ ಇಂಜಿನ್‌ದು ಯಾವುದು ಅಂತ ಮ್ಯಾನ್ಯುಯಲ್‌ನಲ್ಲಿ ನೋಡಿಯೇ ಹಾಕಿ.

ಸೀಲ್ ಕೀಳುವ ಮುಂಚೆ ಭಾವ ಡಯಲ್ ಗೇಜ್ ಹಿಡಿದು ಕ್ರ್ಯಾಂಕ್‌ನ ಎಂಡ್ ಪ್ಲೇ ನೋಡಿದರು. ಕ್ರ್ಯಾಂಕನ್ನು ಲಿವರ್‌ನಿಂದ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ತಳ್ಳಿದರೆ ಎಷ್ಟು ಸರಿಯುತ್ತದೆ ಅನ್ನೋ ಲೆಕ್ಕ. ಮಿಲಿಮೀಟರಿನ ಹತ್ತನೇ ಒಂದೆರಡು ಭಾಗ ಸರಿದರೆ ಮಾಮೂಲಿ. ಮ್ಯಾನ್ಯುಯಲ್ ಹೇಳುವ ಮಿತಿಗಿಂತ ಜಾಸ್ತಿ ಇದ್ದರೆ ಈ ಸರಿದಾಟವನ್ನು ತಡೆಯುವ ಥ್ರಸ್ಟ್ ಬೇರಿಂಗ್ ಸವೆದಿದೆ ಅಂತ ಅರ್ಥ. ಆಗ ಕ್ಲಚ್ ಒತ್ತಿದಾಗಲೆಲ್ಲ ಕ್ರ್ಯಾಂಕ್ ಮುಂದಕ್ಕೆ ಜರುಗುತ್ತದೆ. ಅದನ್ನು ಸರಿ ಮಾಡದೆ ಸೀಲ್ ಬದಲಿಸಿ ಏನೂ ಪ್ರಯೋಜನವಿಲ್ಲ. ನಮ್ಮದು ಮಿತಿಯೊಳಗೇ ಇತ್ತು.

ಹಳೇ ಸೀಲ್ ತೆಗೆಯುವಾಗ ಸ್ಕ್ರೂ ಡ್ರೈವರ್ ತುರುಕಿ ಎಬ್ಬಿಸುವುದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಶಾಫ್ಟ್ ಮೇಲೆ ಉದ್ದಕ್ಕೆ ಒಂದು ಗೀರು ಬಿದ್ದರೆ ಆಯಿಲ್‌ಗೆ ನಾವೇ ಕಾಲುವೆ ತೋಡಿದ ಹಾಗೆ. ಸೀಲ್‌ನ ಲೋಹದ ಭಾಗದಲ್ಲಿ ಎದುರುಬದುರು ಎರಡು ಸಣ್ಣ ತೂತು ಕೊರೆದು, ತಗಡಿಗೆ ಹಾಕುವ ಸ್ಕ್ರೂ ಹತ್ತಿಸಿ, ಪ್ಲೈಯರ್‌ನಲ್ಲಿ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಎಳೆದರೆ ಬರುತ್ತದೆ. ಡ್ರಿಲ್ ಬಿಟ್‌ಗೆ ಗ್ರೀಸ್ ಹಚ್ಚಿದರೆ ಪುಡಿ ಅದಕ್ಕೇ ಅಂಟಿಕೊಳ್ಳುತ್ತದೆ, ಒಳಗೆ ಉದುರುವುದಿಲ್ಲ. ಬಿಟ್ ಹೆಚ್ಚು ಆಳಕ್ಕೆ ಹೋಗದಂತೆ ಅದಕ್ಕೆ ಟೇಪ್ ಸುತ್ತಿಕೊಳ್ಳುವುದು ಒಳ್ಳೆಯದು.

ಹೊರಗೆ ಬಂದ ಸೀಲನ್ನು ಭಾವ ಎರಡು ಬೆರಳಲ್ಲಿ ಹಿಸುಕಿದರು. ಲಿಪ್ ಮಡಚಲೇ ಇಲ್ಲ, ಒಂದು ಕಡೆ ಚಟ್ ಅಂತ ಬಿರುಕು ಬಿಟ್ಟಿತು. ಟಾರ್ಚ್ ಬೆಳಕಿನಲ್ಲಿ ಲಿಪ್ ತುದಿ ನೋಡಿದೆವು. ಹೊಸ ಸೀಲ್‌ನಲ್ಲಿ ಶಾಫ್ಟ್ ಮುಟ್ಟುವ ಅಂಚು ಚೂಪಾಗಿ, ಗೆರೆಯಷ್ಟೇ ಇರುತ್ತದೆ. ಇದರಲ್ಲಿ ಅದು ಸವೆದು ಅಗಲವಾದ ಪಟ್ಟಿಯಾಗಿ, ಕನ್ನಡಿಯಂತೆ ಹೊಳೆಯುತ್ತಿತ್ತು. "ಲೀಕ್ ಏನೂ ಕಾಣ್ತಿಲ್ಲ ಅಂದೆಯಲ್ಲ" ಅಂತ ನನ್ನ ಕಡೆ ನೋಡಿ ನಕ್ಕರು.

ಆದರೆ ಅವರಿಗೆ ಬೇಕಿದ್ದದ್ದು ಸೀಲ್ ಅಲ್ಲ, ಶಾಫ್ಟ್. ಹೊಸ ಸೀಲ್ ತಂದು ಹೊಡೆದು ಕೂರಿಸಿದರೆ ಕೆಲಸ ಮುಗಿಯಿತು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಸೀಲ್ ಅರ್ಧ ಮಾತ್ರ, ಇನ್ನರ್ಧ ಅದು ಉಜ್ಜಿಕೊಂಡು ಓಡುವ ಶಾಫ್ಟ್‌ನ ಮೈ. ರಬ್ಬರ್‌ನಂಥ ಮೆತ್ತನೆಯ ವಸ್ತು ಉಕ್ಕನ್ನು ಸವೆಸುತ್ತಾ ಅಂತ ಕೇಳಬಹುದು. ಸವೆಸುತ್ತದೆ. ಲಿಪ್ ಕೆಳಗೆ ಸಿಕ್ಕಿಕೊಂಡ ಧೂಳು, ಇಂಗಾಲದ ಕಣ ಎಲ್ಲ ಸೇರಿ ಎಮರಿ ಪೇಪರಿನ ಕೆಲಸ ಮಾಡುತ್ತವೆ. ವರ್ಷಗಟ್ಟಲೆ ಓಡಿದ ಕ್ರ್ಯಾಂಕ್ ಮೇಲೆ ಸುತ್ತಲೂ ಒಂದು ಗೆರೆ ಬಿದ್ದಿರುತ್ತದೆ. ಬರೀ ಹೊಳಪಿನ ಗೆರೆಯಾದರೆ ಚಿಂತೆ ಇಲ್ಲ. ಉಗುರನ್ನು ಅಡ್ಡಕ್ಕೆ ಎಳೆದಾಗ ತಡೆದರೆ ಅದು ಗುಳಿ. ಹೊಸ ಲಿಪ್ ಅದರೊಳಗೆ ಸರಿಯಾಗಿ ಕೂರುವುದಿಲ್ಲ.

ನಮ್ಮದರಲ್ಲಿ ಉಗುರು ತಡೆಯಿತು.

ಇದಕ್ಕೆ ದಾರಿ ಎರಡು. ಹೌಸಿಂಗ್‌ನಲ್ಲಿ ಜಾಗ ಇದ್ದರೆ ಸೀಲನ್ನು ಒಂದೆರಡು ಮಿಲಿಮೀಟರ್ ಹಿಂದೆ ಅಥವಾ ಮುಂದೆ ಕೂರಿಸುವುದು. ಲಿಪ್ ಹೊಸ ಜಾಗದಲ್ಲಿ ಓಡುತ್ತದೆ, ಖರ್ಚಿಲ್ಲ. ಒಳಗಿನ ಆಯಿಲ್ ವಾಪಸ್ ಹೋಗುವ ತೂತು ಮುಚ್ಚದಂತೆ ನೋಡಿಕೊಂಡರೆ ಸಾಕು. ಇನ್ನೊಂದು, ರಿಪೇರಿ ಸ್ಲೀವ್. ತೆಳು ಸ್ಟೇನ್‌ಲೆಸ್ ಸ್ಟೀಲ್ ಬಳೆ, ಶಾಫ್ಟ್ ಮೇಲೆ ಬಿಗಿಯಾಗಿ ಹತ್ತಿ ಕೂರುತ್ತದೆ. ಬೇರಿಂಗ್ ಕಂಪನಿ ಎಸ್‌ಕೆಎಫ್‌ನವರ ಸ್ಪೀಡಿ ಸ್ಲೀವ್ ಸುಮಾರು 0.28 ಮಿಮೀ ದಪ್ಪ ಇರುತ್ತದೆ. ಇಷ್ಟು ತೆಳ್ಳಗಿರೋದರಿಂದಲೇ ಹಳೇ ಅಳತೆಯ ಸೀಲೇ ಅದರ ಮೇಲೆ ಕೂರುತ್ತದೆ. ಕೆಲವು ಇಂಜಿನ್‌ಗಳಿಗೆ ಸೀಲೂ ಸ್ಲೀವೂ ಒಂದೇ ಕಿಟ್‌ನಲ್ಲಿ ಬರುತ್ತವೆ, ಆ ಸೀಲ್ ಅಳತೆಯಲ್ಲಿ ಸ್ವಲ್ಪ ದೊಡ್ಡದು. ಅದನ್ನು ಸ್ಲೀವ್ ಇಲ್ಲದೆ ಹಾಕುವಂತಿಲ್ಲ.

ನಮ್ಮ ಹೌಸಿಂಗ್‌ನಲ್ಲಿ ಜಾಗ ಇತ್ತು, ಆದರೂ ಭಾವ ಸ್ಲೀವೇ ಆಗಲಿ ಅಂದರು. ಲೇತ್‌ನವರ ತಕರಾರು ಬೇರೆ ಥರ. "ಜಾಗ ಬದಲಾಯಿಸಿದರೆ ಒಂದು ಸಲಕ್ಕೆ ಆಗುತ್ತೆ. ಮುಂದಿನವನು ಬಂದು ಸೀಲ್ ಹಾಕುವಾಗ ಎರಡು ಗುಳಿ ಇರುತ್ತೆ." ಗುಳಿಗೆ ಮೆಟಲ್ ಪುಟ್ಟಿ ತುಂಬಿ, ಅದು ಒಣಗುವ ಮುಂಚೆ ಸ್ಲೀವನ್ನು ಅದರ ಜೊತೆ ಬಂದ ಕಪ್ ಇಟ್ಟು ನೇರವಾಗಿ ತಟ್ಟಿ ಕೂರಿಸಿದೆವು. ಹೊರಗೆ ಬಂದ ಪುಟ್ಟಿ ಒರೆಸಿದೆವು.

ಅದಕ್ಕೂ ಮುಂಚೆ ನಾನು ಎಮರಿ ಪೇಪರ್ ಹಿಡಿದು ಶಾಫ್ಟ್‌ನ ತುಕ್ಕು ತೆಗೆಯಲು ಹೋಗಿದ್ದೆ. ಭಾವ ಕೈ ಹಿಡಿದು ನಿಲ್ಲಿಸಿ, ಪೇಪರನ್ನು ಪಟ್ಟಿಯಾಗಿ ಹರಿದು, ಶಾಫ್ಟ್ ಸುತ್ತ ಹಾಕಿ, ಬೂಟ್ ಪಾಲಿಶ್ ಮಾಡುವ ಹಾಗೆ ಎರಡು ತುದಿ ಹಿಡಿದು ಎಳೆದು ತೋರಿಸಿದರು. ಗೆರೆಗಳು ಶಾಫ್ಟ್ ಸುತ್ತ ನೇರವಾಗಿ ಬೀಳಬೇಕು, ಓರೆಯಾಗಿ ಬೀಳಬಾರದು. ಓರೆ ಗೆರೆ ಅಂದರೆ ಸ್ಕ್ರೂ ಥ್ರೆಡ್ ಇದ್ದ ಹಾಗೇ, ಶಾಫ್ಟ್ ತಿರುಗಿದಂತೆ ಆಯಿಲನ್ನು ಹೊರಗೆ ಪಂಪ್ ಮಾಡುತ್ತದೆ. ಹಾಗಂತ ಗಾಜಿನಂತೆ ನುಣ್ಣಗೂ ಇರಬಾರದು. ಲಿಪ್ ಕೆಳಗೆ ಆಯಿಲ್‌ನ ತೆಳುವಾದ ಪದರ ನಿಲ್ಲಲು ಸ್ವಲ್ಪ ಒರಟು ಬೇಕು. ಸೀಲ್ ಓಡುವ ಶಾಫ್ಟ್‌ಗೆ ಜರ್ಮನ್ ಮಾನದಂಡ ಡಿಐಎನ್ 3760 ಹೇಳುವ ಒರಟುತನದ ಸರಾಸರಿ ಅಳತೆ (ಆರ್‌ಎ) 0.2ರಿಂದ 0.8 ಮೈಕ್ರಾನ್. ಭಾವ ಅಳೆಯಲಿಲ್ಲ. ಬೆರಳು ಆಡಿಸಿ ಸಾಕು ಅಂದರು, ಅವರ ಬೆರಳನ್ನು ನಾನು ನಂಬುತ್ತೇನೆ.

ಇನ್ನು ಹೊಸ ಸೀಲ್. ಪೆಟ್ಟಿಗೆಯಲ್ಲಿ ಚಪ್ಪಟೆಯಾಗಿ ಮಲಗಿಸಿಟ್ಟದ್ದನ್ನೇ ತನ್ನಿ. ಮೊಳೆಗೆ ನೇತುಹಾಕಿದ ಸೀಲ್‌ನ ಲಿಪ್ ಒಂದು ಕಡೆ ಎಳೆದುಕೊಂಡಿರುತ್ತದೆ. ಮಾಲು ಯಾವುದು ಅನ್ನೋದೂ ಮುಖ್ಯ. ನೈಟ್ರೈಲ್ ರಬ್ಬರ್ ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗೆ ಆರಾಮಾಗಿರುತ್ತದೆ, ಅದರ ಮೇಲೆ ಬೇಗ ಗಟ್ಟಿಯಾಗುತ್ತದೆ. ವೈಟಾನ್ ಅನ್ನೋ ಇನ್ನೊಂದು ಬಗೆಯ ರಬ್ಬರ್ 200ರ ಹತ್ತಿರದವರೆಗೂ ತಡೆಯುತ್ತದೆ. ಲೋಡ್ ಎಳೆಯುವ ಡೀಸೆಲ್‌ನಲ್ಲಿ ಆಯಿಲ್ 100 ದಾಟುವುದು ಸಾಮಾನ್ಯ. ಹಿಂದಿನ ಸೀಲ್‌ಗೆ ನೈಟ್ರೈಲ್ ಹಾಕಿ ಉಳಿಸುವ ದುಡ್ಡು ಎಷ್ಟು ಹೇಳಿ?

ಕೆಲವು ಡೀಸೆಲ್ ಇಂಜಿನ್‌ಗಳಿಗೆ ಟೆಫ್ಲಾನ್ ಲಿಪ್‌ನ ಸೀಲ್ ಬರುತ್ತದೆ. ಸ್ಪ್ರಿಂಗ್ ಇರುವುದಿಲ್ಲ, ಲಿಪ್ ಅಗಲವಾಗಿ ಒಳಕ್ಕೆ ಮಡಚಿಕೊಂಡಿರುತ್ತದೆ, ನಡುವೆ ಒಂದು ಪ್ಲಾಸ್ಟಿಕ್ ಬಳೆ ಇರುತ್ತದೆ. ಇದನ್ನು ಒಣಗಿದ್ದ ಹಾಗೇ ಹಾಕಬೇಕು. ಆಯಿಲ್, ಗ್ರೀಸ್ ಏನೂ ಬೇಡ, ಶಾಫ್ಟನ್ನೂ ಕ್ಲೀನರ್‌ನಲ್ಲಿ ಒರೆಸಿ ಒಣಗಿಸಬೇಕು. ಟೆಫ್ಲಾನ್ ಮೊದಲ ಸುತ್ತುಗಳಲ್ಲಿ ಶಾಫ್ಟ್ ಮೇಲೆ ತನ್ನದೇ ತೆಳು ಪದರ ಹಚ್ಚಿಕೊಳ್ಳುತ್ತದೆ, ಆಯಿಲ್ ಇದ್ದರೆ ಅದು ಅಂಟುವುದಿಲ್ಲ. ಪ್ಲಾಸ್ಟಿಕ್ ಬಳೆಯನ್ನು ಪೆಟ್ಟಿಗೆಯ ಹೊದಿಕೆ ಅಂದುಕೊಂಡು ಮೊದಲೇ ಕಿತ್ತು ಎಸೆಯಬೇಡಿ, ಲಿಪ್ ಶಾಫ್ಟ್ ಮೇಲೆ ಮಡಚದೆ ಜಾರಲಿ ಅಂತಲೇ ಅದನ್ನು ಕೊಟ್ಟಿರೋದು. ಹಾಕಿದ ಮೇಲೆ ಕೆಲವು ಗಂಟೆ ಇಂಜಿನ್ ತಿರುಗಿಸದೆ ಬಿಟ್ಟರೆ ಲಿಪ್ ಶಾಫ್ಟ್‌ನ ಅಳತೆಗೆ ಒಗ್ಗುತ್ತದೆ.

ಸ್ಪ್ರಿಂಗ್ ಇರುವ ರಬ್ಬರ್ ಸೀಲ್‌ಗೆ ಇದರ ಉಲ್ಟಾ. ಲಿಪ್‌ಗೆ ಇಂಜಿನ್ ಆಯಿಲ್ ಹಚ್ಚಲೇಬೇಕು, ಇಲ್ಲದಿದ್ದರೆ ಮೊದಲ ಕೆಲವು ಸೆಕೆಂಡ್‌ಗಳಲ್ಲೇ ಸುಡುತ್ತದೆ. ಸ್ಪ್ರಿಂಗ್ ಇರುವ ಜಾಗಕ್ಕೆ ಸ್ವಲ್ಪ ಗ್ರೀಸ್ ತುಂಬಿದರೆ ಸುತ್ತಿಗೆಯ ಏಟಿಗೆ ಅದು ಹಾರಿ ಹೋಗುವುದಿಲ್ಲ. ಸ್ಪ್ರಿಂಗ್ ಇರುವ ಮುಖ ಆಯಿಲ್ ಕಡೆಗೆ. ಹೊರಮುಖದಲ್ಲಿ ಬಾಣದ ಗುರುತಿದ್ದರೆ ಕ್ರ್ಯಾಂಕ್ ತಿರುಗುವ ದಿಕ್ಕಿಗೆ ಹೊಂದಬೇಕು. ಅಂಥ ಸೀಲ್‌ನ ಲಿಪ್ ಮೇಲೆ ಸಣ್ಣ ಓರೆ ಗೆರೆಗಳಿರುತ್ತವೆ, ಹೊರಬರುವ ಆಯಿಲನ್ನು ಒಳಗೇ ತಳ್ಳುತ್ತವೆ. ದಿಕ್ಕು ತಪ್ಪಿದರೆ ಹೊರಗೆ ತಳ್ಳುತ್ತವೆ. ಮುಂದಿನಿಂದ ನೋಡಿದಾಗ ಗಡಿಯಾರದಂತೆ ತಿರುಗುವ ಇಂಜಿನ್ ಹಿಂದಿನಿಂದ ನೋಡಿದರೆ ಉಲ್ಟಾ ತಿರುಗುತ್ತದೆ ಅನ್ನೋದನ್ನು ಮರೆಯಬೇಡಿ.

ಹಿಂದಿನ ಕಾಲದಲ್ಲಿ ಈ ಸೀಲ್‌ಗಳು ಚರ್ಮದವು. ಜರ್ಮನಿಯ ಫ್ರಾಯ್ಡೆನ್‌ಬರ್ಗ್ ಮೂಲತಃ ಚರ್ಮ ಹದ ಮಾಡುವ ಕಂಪನಿ. ಅದು ಚರ್ಮದ ಸೀಲ್ ಮಾಡಲು ಇಳಿದದ್ದು 1929ರಲ್ಲಿ, ರಬ್ಬರ್ ಬಂದದ್ದು ಆಮೇಲೆ. ಇದನ್ನು ಹೇಳಿದರೆ ಭಾವ, "ಚರ್ಮದ್ದಾದರೂ ಶಾಫ್ಟ್ ನೆಟ್ಟಗಿರಬೇಕಲ್ಲ" ಅಂದರು. ಅವರ ಮಾತು ಎಲ್ಲಿಂದ ಶುರುವಾದರೂ ಶಾಫ್ಟ್‌ಗೇ ಬಂದು ನಿಲ್ಲುತ್ತದೆ.

ಸೀಲನ್ನು ಒಳಗೆ ಕೂರಿಸಲು ಅದರ ಹೊರ ಅಳತೆಗೆ ಸರಿಯಾದ ಪ್ಲೇಟ್ ಒಂದನ್ನು ಭಾವ ಲೇತ್‌ನಲ್ಲಿ ತಿರುಗಿಸಿ ತಂದಿದ್ದರು. ಸುತ್ತ ತಟ್ಟುತ್ತಾ ಹೋಗುವುದಕ್ಕಿಂತ ಇದು ಎಷ್ಟೋ ವಾಸಿ. ಕೂತ ಮೇಲೆ ನಾಲ್ಕೂ ಕಡೆ ಕ್ಯಾಲಿಪರ್ ಹಿಡಿದು ಆಳ ನೋಡಬೇಕು. ಓರೆಯಾಗಿ ಕೂತ ಸೀಲ್ ಹೊಸದಾದರೂ ಸೋರುತ್ತದೆ.

ಇಲ್ಲಿಗೆ ಬಂದಾಗಲೇ ಪಕ್ಕದ ಕೆಲಸಗಳನ್ನೂ ಮುಗಿಸಿಬಿಡಿ. ಗೇರ್ ಬಾಕ್ಸ್ ಇನ್‌ಪುಟ್ ಶಾಫ್ಟ್‌ನ ಸೀಲ್, ಪೈಲಟ್ ಬೇರಿಂಗ್, ಹಿಂದಿನ ಕ್ಯಾಮ್ ಪ್ಲಗ್, ಫ್ಲೈವೀಲ್ ಹೌಸಿಂಗ್ ಹಿಂದೆ ಅಡಗಿರುವ ಕೋರ್ ಪ್ಲಗ್. ಇವೆಲ್ಲ ಸಣ್ಣ ಸಾಮಾನು, ಆದರೆ ಒಂದೊಂದಕ್ಕೂ ಮತ್ತೆ ಗೇರ್ ಬಾಕ್ಸ್ ಇಳಿಸಬೇಕು. ಗೇರ್ ಆಯಿಲ್ ಬಂದರೂ ಇಂಜಿನ್ ಆಯಿಲ್ ಬಂದರೂ ಕ್ಲಚ್ ಪ್ಲೇಟ್‌ಗೆ ಒಂದೇ, ಜಾರಲು ಶುರು ಮಾಡುತ್ತದೆ.

ಕ್ರ್ಯಾಂಕ್‌ನ ಮುಂಭಾಗದ ಸೀಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದೇ ಕಥೆ, ಗುಳಿ ಬೀಳೋದು ಪುಲ್ಲಿ ಹಬ್ ಮೇಲೆ. ಹಬ್ ಬಿಚ್ಚಿ ಕೈಯಲ್ಲಿ ಹಿಡಿದು ನೋಡಬಹುದು, ಅಷ್ಟು ಸುಲಭ. ಇದು ರಸ್ತೆಯ ಧೂಳಿಗೆ ಎದುರಾಗಿರುವ ಜಾಗ, ಹಾಗಾಗಿ ಹೊರಗೆ ಧೂಳು ತಡೆಯುವ ಎರಡನೇ ಲಿಪ್ ಇರುವ ಸೀಲೇ ಹಾಕಿ.

ಚೇಂಬರ್ ಪ್ಯಾಕಿಂಗ್‌ನಲ್ಲಿ ಬೋಲ್ಟ್ ವಿಪರೀತ ಬಿಗಿ ಮಾಡುವವರು ಗೆಲ್ಲುವುದಿಲ್ಲ. ಹಿಂದಿನವರು ಬೋಲ್ಟ್ ಎಳೆದೆಳೆದು ಚೇಂಬರ್‌ನ ಅಂಚು ಪ್ರತಿ ತೂತಿನ ಹತ್ತಿರ ಡೊಂಕಾಗಿತ್ತು. ಮರದ ತುಂಡಿನ ಮೇಲಿಟ್ಟು ಸಣ್ಣ ಸುತ್ತಿಗೆಯಲ್ಲಿ ತಟ್ಟಿ ನೇರ ಮಾಡಿದೆವು. ಸಿಲಿಕಾನ್ ಪೇಸ್ಟ್ ಬೇಕಾದದ್ದು ಮೂಲೆಗಳಲ್ಲಿ, ಮುಂದಿನ ಕವರೂ ಹಿಂದಿನ ಹೌಸಿಂಗೂ ಬ್ಲಾಕ್‌ಗೆ ಸೇರುವ ಸಂದಿಯಲ್ಲಿ. ಸುತ್ತಲೂ ಧಾರಾಳವಾಗಿ ಹಿಂಡಿದರೆ ಒಳಗೆ ಉಬ್ಬಿದ ಪೇಸ್ಟ್ ಕಿತ್ತುಕೊಂಡು ಹೋಗಿ ಆಯಿಲ್ ಪಂಪಿನ ಜಾಲರಿಗೆ ಮೆತ್ತಿಕೊಳ್ಳುತ್ತದೆ. ಲೀಕ್ ನಿಲ್ಲಿಸಲು ಹೋಗಿ ಬೇರಿಂಗ್ ಸುಟ್ಟುಕೊಂಡ ಹಾಗೆ.

ಓ ರಿಂಗ್‌ಗಳನ್ನು ಅಳತೆ ನೋಡಿ ಮಾತ್ರ ತರಬೇಡಿ. ಇಪಿಡಿಎಂ ರಬ್ಬರ್ ನೀರಿಗೆ, ಕೂಲಂಟ್‌ಗೆ ಒಳ್ಳೆಯದು, ಆಯಿಲ್ ತಾಗಿದರೆ ಉಬ್ಬಿ ಹಾಳಾಗುತ್ತದೆ. ನೋಡಲು ಎಲ್ಲ ಕಪ್ಪೇ. ನಾನು ಎಲ್ಲಕ್ಕಿಂತ ಹೆದರಿದ್ದು ನೀರಿನಿಂದ ಆಯಿಲ್ ತಣಿಸುವ ಆಯಿಲ್ ಕೂಲರ್‌ಗೆ. ಅಲ್ಲಿ ಪ್ಯಾಕಿಂಗ್ ಹೋದರೆ ಲೀಕ್ ಹೊರಗೆ ಕಾಣುವುದೇ ಇಲ್ಲ. ಓಡುವಾಗ ಆಯಿಲ್ ಒತ್ತಡ ಜಾಸ್ತಿ, ಆಯಿಲ್ ನೀರಿಗೆ ಹೋಗುತ್ತದೆ. ನಿಲ್ಲಿಸಿದ ಮೇಲೆ ನೀರಿನ ಒತ್ತಡ ಉಳಿದಿರುತ್ತದೆ, ನೀರು ಆಯಿಲ್‌ಗೆ ಬರುತ್ತದೆ. ಬಿಚ್ಚಿದಾಗ ಸಿಕ್ಕ ಓ ರಿಂಗ್ ಗುಂಡಗಿರಲಿಲ್ಲ, ಎರಡೂ ಕಡೆ ಚಪ್ಪಟೆಯಾಗಿ ಚೌಕವಾಗಿತ್ತು. ಇನ್ನೇನು ಕೈ ಕೊಡುವುದರಲ್ಲಿತ್ತು.

ಇಷ್ಟೆಲ್ಲ ಮಾಡಿ ಬ್ರೀದರ್ ನೋಡದಿದ್ದರೆ ಎಲ್ಲ ವ್ಯರ್ಥ. ಪಿಸ್ಟನ್ ರಿಂಗ್ ಪಕ್ಕದಿಂದ ಸ್ವಲ್ಪ ಗ್ಯಾಸ್ ಕೆಳಗೆ ಇಳಿಯುವುದು ಪ್ರತಿ ಇಂಜಿನ್‌ನಲ್ಲೂ ಇದ್ದದ್ದೇ, ಅದು ಬ್ರೀದರ್ ಮೂಲಕ ಹೊರಗೆ ಹೋಗಬೇಕು. ದಾರಿ ಕಟ್ಟಿದರೆ ಒಳಗೆ ಒತ್ತಡ ಏರಿ, ಎಲ್ಲಿ ಸಡಿಲವೋ ಅಲ್ಲಿಂದ ಆಯಿಲನ್ನು ತಳ್ಳುತ್ತದೆ. ಹೊಸ ಸೀಲ್ ಕೂಡ ತಡೆಯುವುದಿಲ್ಲ. ನಮ್ಮ ಬ್ರೀದರ್ ಪೈಪ್‌ನಲ್ಲಿ ಕಣಜದ ಹುಳ ಮಣ್ಣಿನ ಗೂಡು ಕಟ್ಟಿತ್ತು. ತಂತಿ ಹಾಕಿ ತೆಗೆದಾಗ ಹುಡುಗರು ನಕ್ಕರು. ನನಗೆ ನಗು ಬರಲಿಲ್ಲ, ಆ ಒಂದು ಗೂಡು ಇಷ್ಟೂ ಕೆಲಸವನ್ನು ಹಾಳು ಮಾಡುತ್ತಿತ್ತು. ಇಂಜಿನ್ ಶುರುವಾದ ಮೇಲೆ ಆಯಿಲ್ ಹಾಕುವ ಮುಚ್ಚಳವನ್ನು ಅದರ ಬಾಯಿ ಮೇಲೆ ಮಗುಚಿ ಇಟ್ಟು ನೋಡಿ. ಸ್ವಲ್ಪ ಅಲುಗಾಡಿದರೆ ಸರಿ. ಕುಣಿದು ಕೆಳಗೆ ಬಿದ್ದರೆ ಬ್ಯಾಕ್ ಕಂಪ್ರೆಷನ್, ಅಂದರೆ ರಿಂಗ್ ದಾಟಿ ಇಳಿಯುವ ಗ್ಯಾಸ್, ಜಾಸ್ತಿ ಇದೆ, ರಿಂಗ್ ಕಡೆ ಗಮನ ಕೊಡಿ.

ಮೊದಲ ಸ್ಟಾರ್ಟ್‌ಗೆ ಮುಂಚೆ ಡೀಸೆಲ್ ಬಂದ್ ಮಾಡಿ, ಆಯಿಲ್ ಒತ್ತಡ ಕಾಣುವವರೆಗೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆದೆವು. ಆಮೇಲೆ ಡೀಸೆಲ್ ಕೊಟ್ಟೆವು. ಲೋಡ್ ಹಾಕಿ ಓಡಿಸಿ ತಂದು, ಕ್ಲಚ್ ಹೌಸಿಂಗ್ ಕೆಳಗಿನ ತೂತಿಗೆ ಬಿಳಿ ಬಟ್ಟೆ ತೂರಿಸಿ ನೋಡಿದೆ. ಒಣಗಿತ್ತು.

ಟ್ಯಾಪೆಟ್ ಕವರ್‌ನ ಎಡ ಮೂಲೆಯಲ್ಲಿ ಮಾತ್ರ ಇನ್ನೂ ಸ್ವಲ್ಪ ಒದ್ದೆ ಕಾಣುತ್ತದೆ. ಹಳೇ ಪ್ಯಾಕಿಂಗನ್ನೇ ಬಿಟ್ಟಿದ್ದೇನೆ. ಮುಂದಿನ ಸಲ ಟ್ಯಾಪೆಟ್ ಸೆಟ್ ಮಾಡಲು ಕವರ್ ತೆಗೆಯಲೇಬೇಕಲ್ಲ, ಆಗ ಹಾಕುತ್ತೇನೆ. ಭಾವ ಮಾತ್ರ ಬಂದಾಗಲೆಲ್ಲ ಅದರ ಮೇಲೆ ಬೆರಳಾಡಿಸಿ ನನಗೆ ತೋರಿಸದೆ ಹೋಗುವುದಿಲ್ಲ.